ಕಣಗಳ ಮಳೆ ಎಷ್ಟು ಸೆಂಟು?

ಮಾರ್ಚ್ ತಿಂಗಳಲ್ಲಿ ಮೂಡಿಗೆರೆ ಪೇಟೆಯಲ್ಲಿ ಇಬ್ಬರು ತೋಟದವರು ಎದುರಾದರೆ ಮೊದಲ ಪ್ರಶ್ನೆ ಆರೋಗ್ಯದ್ದಲ್ಲ, ರಾಜಕೀಯದ್ದೂ ಅಲ್ಲ. ‘ನಿಮ್ಮಲ್ಲಿ ಎಷ್ಟು ಬಂತು?’ ಎಂಬುದು. ಒಬ್ಬರು ‘ಎಂಬತ್ತು ಸೆಂಟು’ ಎಂದರೆ ಇನ್ನೊಬ್ಬರು ‘ನಮ್ಮಲ್ಲಿ ಬರೀ ಮೂವತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ. ದೇಶ ಮಿಲಿಮೀಟರಿಗೆ ಬದಲಾಗಿ ದಶಕಗಳೇ ಕಳೆದಿದ್ದರೂ ಕಾಫಿ ಸೀಮೆಯಲ್ಲಿ ಮಳೆ ಇನ್ನೂ ಇಂಚು, ಸೆಂಟುಗಳಲ್ಲೇ ಬೀಳುತ್ತದೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು.

ಇದು ಬರೀ ಹರಟೆಯಲ್ಲ. ರೊಬಸ್ಟಾ ಗಿಡದ ಮೊಗ್ಗು ಸರಿಯಾಗಿ ಅರಳಲು ಸುಮಾರು ಒಂದು ಇಂಚು ಹೂಮಳೆ ಬೇಕು. ಮೂವತ್ತು ನಲವತ್ತು ಸೆಂಟು ಬಿದ್ದು ನಿಂತುಹೋದರೆ ಮೊಗ್ಗು ಅತ್ತ ಮಲಗಲೂ ಇಲ್ಲ, ಇತ್ತ ಅರಳಲೂ ಇಲ್ಲ ಎಂಬಂತಾಗುತ್ತದೆ. ಆಗ ಕೆರೆಗೆ ಪಂಪ್ ಇಳಿಸಿ, ಸ್ಪ್ರಿಂಕ್ಲರ್ ಜೋಡಿಸಿ, ಡೀಸೆಲ್ ಸುಟ್ಟು ಉಳಿದ ನೀರನ್ನು ಕೊಡಬೇಕು. ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಬಂಗಲೆಯ ಮುಂದಿನ ಬಯಲಲ್ಲಿ ನಿಂತ ಒಂದು ಸಣ್ಣ ಡಬ್ಬಿ. ಬೆಳಿಗ್ಗೆ ಎಂಟೂವರೆಗೆ ರೈಟರು ಅದರ ನೀರನ್ನು ಅಳತೆಗಾಜಿಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ವರ್ಷದ ಫಸಲಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಈ ಡಬ್ಬಿ ಮಾಡುವ ಕೆಲಸವನ್ನು ಸ್ವಲ್ಪ ಗಮನಿಸಿ. ನೂರಾರು ಎಕರೆಗೆ ಬಿದ್ದ ಮಳೆಯನ್ನು ಅದು ಅಳೆಯುವುದು ಅಂಗೈಯಗಲದ ಒಂದು ಬಾಯಿಯಿಂದ. ಹಳೆಯ ಸೈಮನ್ಸ್ ಮಳೆಮಾಪಕದ ಬಾಯಿಯ ಅಡ್ಡಳತೆ 5 ಇಂಚು, ಅಂದರೆ 127 ಮಿಲಿಮೀಟರು. ಅಂಚು ಸವೆದು ಆ ಅಡ್ಡಳತೆ ಒಂದೇ ಒಂದು ಮಿಲಿಮೀಟರು ವ್ಯತ್ಯಾಸವಾದರೆ ಸಾಕು, ವರ್ಷದ ಮಳೆಯ ಲೆಕ್ಕವೆಲ್ಲ ನೂರಕ್ಕೆ ಒಂದೂವರೆ ಪಾಲು ತಪ್ಪುತ್ತದೆ. ಮಾಪಕವನ್ನು ಸಿಲ್ವರ್ ಓಕ್ ಮರದ ಬುಡದಲ್ಲಿಟ್ಟರೆ ಇನ್ನೂ ತಪ್ಪು. ಆದ್ದರಿಂದಲೇ ಮರವಾಗಲಿ, ಗೋಡೆಯಾಗಲಿ ಅದರ ಎತ್ತರದ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕೆಂಬ ನಿಯಮ.

ಇದೇ ಪ್ರಶ್ನೆಯನ್ನು, ಇದೇ ಬಗೆಯ ಚಿಂತೆಯೊಂದಿಗೆ, ಸಾವಿರಾರು ವಿಜ್ಞಾನಿಗಳು ಇನ್ನೊಂದು ಕಡೆ ದಿನವೂ ಕೇಳುತ್ತಾರೆ. ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಜಿನೀವಾ ನಗರದ ಬಳಿ, ನೆಲದಡಿ ಸುಮಾರು ನೂರು ಮೀಟರು ಆಳದಲ್ಲಿ 27 ಕಿಲೋಮೀಟರು ಸುತ್ತಳತೆಯ ಒಂದು ಸುರಂಗವಿದೆ. ‘ಸರ್ನ್’ ಎಂಬ ಯುರೋಪಿನ ಸಂಶೋಧನಾ ಸಂಸ್ಥೆಯದು. ಅದರೊಳಗಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಯಂತ್ರ ಪ್ರೋಟಾನ್ ಕಣಗಳ ಎರಡು ಧಾರೆಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತದೆ. ಮಲೆನಾಡಿನವರಿಗೆ ಕಣ ಎಂದರೆ ಕಾಫಿ ಒಣಗಿಸುವ ಅಂಗಳ. ಇಲ್ಲಿನ ಕಣ ಬೇರೆ, ಪರಮಾಣುವಿನ ಒಳಗಿನದು. ಆದರೆ ಪ್ರಶ್ನೆ ಅದೇ: ‘ಈ ಹೊತ್ತು ಎಷ್ಟು ಬಂತು?’

ಬಕೆಟ್ಟಿನ ಬಾಯಿ

ಭೌತವಿಜ್ಞಾನಿಗಳು ಈ ಅಳತೆಯನ್ನು ಲ್ಯೂಮಿನಾಸಿಟಿ ಎನ್ನುತ್ತಾರೆ. ಕನ್ನಡದಲ್ಲಿ ‘ದೀಪ್ತಿ’ ಎನ್ನೋಣ. ಹೆಸರಿನಲ್ಲಿ ಬೆಳಕಿದ್ದರೂ ಇದಕ್ಕೂ ಬೆಳಕಿಗೂ ನೇರ ಸಂಬಂಧವಿಲ್ಲ. ಎದುರುಬದುರು ಧಾರೆಗಳು ಎಷ್ಟು ದಟ್ಟವಾಗಿ ಒಂದರೊಳಗೊಂದು ಹಾಯುತ್ತವೆ ಎಂಬುದರ ಅಳತೆ ಅದು. ಮಳೆಯ ಜೋರಿನ ಹಾಗೆ ಎಂದು ತಿಳಿಯಿರಿ. ಆ ಕ್ಷಣದ ಜೋರು ದೀಪ್ತಿಯಾದರೆ, ವರ್ಷವಿಡೀ ಕೂಡುತ್ತಾ ಬಂದ ಮೊತ್ತ ರೈಟರ ಪುಸ್ತಕದ ಕೊನೆಯ ಸಾಲಿನ ಒಟ್ಟು ಇಂಚು.

ಇದೇಕೆ ಬೇಕು? ಅಂಗಳದಲ್ಲಿ ಬೇರೆಬೇರೆ ಬಾಯಗಲದ ಪಾತ್ರೆಗಳನ್ನು ಇಟ್ಟಿದ್ದೀರಿ ಎಂದುಕೊಳ್ಳಿ. ಕೊಪ್ಪರಿಗೆಗೆ ಹೆಚ್ಚು ಹನಿ ಬೀಳುತ್ತದೆ, ಲೋಟಕ್ಕೆ ಕಡಿಮೆ, ಸೂಜಿಯ ಕಣ್ಣಿಗೆ ಎಲ್ಲೋ ಒಂದು. ಎಷ್ಟು ಮಳೆ ಬಂತೆಂದು ಗೊತ್ತಿದ್ದು, ಪಾತ್ರೆಗೆ ಬಿದ್ದ ಹನಿಗಳನ್ನು ಎಣಿಸಿದರೆ, ಪಾತ್ರೆಯನ್ನು ಕಣ್ಣಲ್ಲಿ ನೋಡದೆಯೇ ಅದರ ಬಾಯಿ ಎಷ್ಟು ಅಗಲ ಎಂದು ಹೇಳಬಹುದು. ಕಣಗಳ ಲೋಕದಲ್ಲಿ ಪ್ರತಿಯೊಂದು ಘಟನೆಗೂ ಇಂಥ ಒಂದು ‘ಬಾಯಿ’ ಇದೆ. ಎರಡು ಪ್ರೋಟಾನುಗಳು ಸುಮ್ಮನೆ ಡಿಕ್ಕಿಯಾಗಿ ಚೂರಾಗುವುದಕ್ಕೆ ದೊಡ್ಡ ಬಾಯಿ. ಅವು ಸೇರಿ ಹಿಗ್ಸ್ ಬೋಸಾನ್ ಎಂಬ ಅಪರೂಪದ ಕಣ ಹುಟ್ಟುವುದಕ್ಕೆ ತೀರ ಸಣ್ಣ ಬಾಯಿ. ಅದು ಎಷ್ಟು ಅಗಲ ಇರಬೇಕೆಂದು ಸಿದ್ಧಾಂತ ಲೆಕ್ಕ ಹಾಕಿ ಹೇಳುತ್ತದೆ. ನಿಜವಾಗಿ ಎಷ್ಟಿದೆ ಎಂದು ಪ್ರಯೋಗ ಹೇಳಬೇಕು. ಎರಡೂ ಹೊಂದದಿದ್ದರೆ ನಮಗೆ ಗೊತ್ತಿಲ್ಲದ ಯಾವುದೋ ನಿಯಮ ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಮಳೆಯ ಲೆಕ್ಕವೇ ತಪ್ಪಿದ್ದರೆ? ಆಗ ಎಲ್ಲ ಪಾತ್ರೆಗಳ ಬಾಯಿಯೂ ಒಟ್ಟಿಗೇ ತಪ್ಪುತ್ತದೆ. ಹೊಸ ನಿಯಮ ಕಂಡಿತೆಂದು ಸಂಭ್ರಮಿಸಿದವರು ಕೊನೆಗೆ ಡಬ್ಬಿಯ ಅಂಚು ಸವೆದಿತ್ತೆಂದು ತಿಳಿದು ಪೆಚ್ಚಾಗಬೇಕಾಗುತ್ತದೆ.

ಈ ಬಾಯಿಯ ಅಗಲವನ್ನು ಅಳೆಯುವ ಮಾನದ ಹೆಸರು ‘ಬಾರ್ನ್’. ಇಂಗ್ಲಿಷಿನಲ್ಲಿ ಹಾಗೆಂದರೆ ರೈತರ ಕಣಜ, ಹುಲ್ಲು ಧಾನ್ಯ ಕೂಡಿಡುವ ದೊಡ್ಡ ಕೊಟ್ಟಿಗೆ. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಿಜ್ಞಾನಿಗಳು ಪರಮಾಣು ಬೀಜವು ಗುರಿಯಾಗಿ ‘ಕಣಜದಷ್ಟು ದೊಡ್ಡದು’ ಎಂದು ತಮಾಷೆಗೆ ಇಟ್ಟ ಹೆಸರು ಹಾಗೇ ಉಳಿಯಿತು. ಆ ಕಣಜದ ವಿಸ್ತೀರ್ಣ ಎಷ್ಟೆಂದರೆ, ಒಂದು ಚದರ ಸೆಂಟಿಮೀಟರನ್ನು 1ರ ಮುಂದೆ 24 ಸೊನ್ನೆ ಇಟ್ಟ ಸಂಖ್ಯೆಯಿಂದ ಭಾಗಿಸಿದಷ್ಟು! ಹಿಗ್ಸ್ ಕಣಕ್ಕೆ ಅದೂ ವಿಪರೀತ ದೊಡ್ಡದು. ಅದಕ್ಕಾಗಿ ಬಾರ್ನನ್ನು ಮತ್ತೆ ನೂರು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಹತ್ತನೇ ಒಂದು ಪಾಲನ್ನು ‘ಫೆಮ್ಟೋಬಾರ್ನ್’ ಎನ್ನುತ್ತಾರೆ. ಯಂತ್ರದ ವರ್ಷದ ಮಳೆಯ ಲೆಕ್ಕವನ್ನು ಬರೆಯುವುದು ‘ಪ್ರತಿ ಫೆಮ್ಟೋಬಾರ್ನಿಗೆ ಇಷ್ಟು’ ಎಂದು. ಪ್ರತಿ ಚದರಡಿಗೆ ಇಷ್ಟು ಹನಿ ಎಂದ ಹಾಗೆಯೇ.

ಎರಡು ಪಿಚಕಾರಿಗಳ ಉಪಾಯ

ಈಗ ಅಳೆಯುವುದು ಹೇಗೆ ಎಂಬ ಕಷ್ಟಕ್ಕೆ ಬರೋಣ. ಪ್ರೋಟಾನುಗಳು ಸುರಂಗದಲ್ಲಿ ಬಿಡಿಬಿಡಿಯಾಗಿ ಹೋಗುವುದಿಲ್ಲ, ಗುಂಪುಗುಂಪಾಗಿ ಹೋಗುತ್ತವೆ. ಒಂದು ಗುಂಪಿನಲ್ಲಿ ಸುಮಾರು 10 ಸಾವಿರ ಕೋಟಿ ಪ್ರೋಟಾನುಗಳು. ಇಂಥ ಎರಡು ಸಾವಿರಕ್ಕೂ ಹೆಚ್ಚು ಗುಂಪುಗಳು ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಎರಡು ಗುಂಪುಗಳು ಎದುರಾಗುವ ಜಾಗದಲ್ಲಿ ಅವುಗಳ ದಪ್ಪ ನಮ್ಮ ತಲೆಗೂದಲಿಗಿಂತ ಎಷ್ಟೋ ಕಡಿಮೆ. ಅಷ್ಟು ಒತ್ತಿ ಕಳಿಸಿದರೂ 10 ಸಾವಿರ ಕೋಟಿ ಎದುರು 10 ಸಾವಿರ ಕೋಟಿ ಹಾದುಹೋದಾಗ ನಿಜವಾಗಿ ಡಿಕ್ಕಿಯಾಗುವುದು 2015ರಿಂದ 2018ರವರೆಗಿನ ಓಟದಲ್ಲಿ ಸರಾಸರಿ 30 ಚಿಲ್ಲರೆ ಜೋಡಿ ಮಾತ್ರ. ಉಳಿದವು ಜಾತ್ರೆಯಲ್ಲಿ ಎದುರುಬದುರು ನಡೆದವರಂತೆ ತಂತಮ್ಮ ಪಾಡಿಗೆ ಹೋಗುತ್ತವೆ.

ದೀಪ್ತಿಯನ್ನು ತಿಳಿಯಲು ಎರಡು ಸಂಗತಿ ಬೇಕು: ಗುಂಪಿನಲ್ಲಿ ಎಷ್ಟು ಪ್ರೋಟಾನುಗಳಿವೆ, ಗುಂಪು ಎಷ್ಟು ದಪ್ಪವಾಗಿದೆ. ಮೊದಲನೆಯದು ಅಷ್ಟು ಕಷ್ಟವಲ್ಲ. ಪ್ರೋಟಾನಿಗೆ ವಿದ್ಯುದಂಶವಿರುವುದರಿಂದ ಧಾರೆ ಎಂದರೆ ಒಂದು ವಿದ್ಯುತ್ ಪ್ರವಾಹವೇ. ಅದನ್ನು ಮೀಟರಿನಂಥ ಸಾಧನದಿಂದ ಅಳೆಯಬಹುದು. ಆದರೆ ಕೂದಲಿಗಿಂತ ತೆಳ್ಳಗೆ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಧಾರೆಯ ದಪ್ಪಕ್ಕೆ ಟೇಪು ಹಿಡಿಯುವವರು ಯಾರು?

ಉಪಾಯ ಹೇಳಿದ್ದು 1968ರಲ್ಲಿ, ಸರ್ನಿನ ಡಚ್ ಎಂಜಿನಿಯರ್ ಸೈಮನ್ ವಾನ್ ಡರ್ ಮೀರ್. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ನೆನಪಿಸಿಕೊಳ್ಳಿ. ಕತ್ತಲಲ್ಲಿ ಇಬ್ಬರು ಎದುರುಬದುರು ನಿಂತು ಪಿಚಕಾರಿ ಬಿಟ್ಟರೆ ಧಾರೆಗಳು ನಡುವೆ ಬಡಿದು ಚಟಪಟ ಸದ್ದು ಕೇಳುತ್ತದೆ. ಒಬ್ಬ ತನ್ನ ಪಿಚಕಾರಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸುತ್ತಾ ಹೋದರೆ ಸದ್ದು ಕಡಿಮೆಯಾಗುತ್ತಾ ಬಂದು, ಧಾರೆಗಳು ಪೂರಾ ತಪ್ಪಿದಾಗ ನಿಂತೇಹೋಗುತ್ತದೆ. ಎಷ್ಟು ಸರಿಸಿದಾಗ ಸದ್ದು ಎಷ್ಟು ಇಳಿಯಿತೆಂದು ಬರೆದುಕೊಂಡರೆ ಧಾರೆಗಳ ದಪ್ಪ ತಾನಾಗಿ ಗೊತ್ತಾಗುತ್ತದೆ. ಧಾರೆಯನ್ನು ನೋಡಬೇಕಾಗಿಯೇ ಇಲ್ಲ, ಕಿವಿಗೊಟ್ಟರೆ ಸಾಕು. ಇನ್ನೊಂದು ಮುಖ್ಯ ವಿಷಯವೆಂದರೆ, ಸದ್ದನ್ನು ಕೇಳುವ ಕಿವಿ ಎಷ್ಟು ಚುರುಕು ಎಂಬುದು ಮೊದಲೇ ತಿಳಿದಿರಬೇಕಿಲ್ಲ. ಏರಿಳಿತದ ಪ್ರಮಾಣ ತಿಳಿದರಾಯಿತು. ವಾನ್ ಡರ್ ಮೀರ್ ಅವರಿಗೆ 1984ರಲ್ಲಿ ಕಾರ್ಲೊ ರುಬ್ಬಿಯ ಅವರೊಂದಿಗೆ ನೊಬೆಲ್ ಬಂದದ್ದು ಬೇರೊಂದು ಕೆಲಸಕ್ಕೆ. ಆದರೆ ಅವರ ಈ ಸರಳ ಉಪಾಯ ಅರ್ಧ ಶತಮಾನ ದಾಟಿಯೂ ನಡೆದುಬಂದಿದೆ.

ಕೊಲೈಡರಿನಲ್ಲಿ ಆಗಾಗ, ಗುಂಪುಗಳನ್ನು ಕಡಿಮೆ ಮಾಡಿ, ಧಾರೆಗಳನ್ನು ಮೊದಲು ಅಡ್ಡಕ್ಕೆ, ಆಮೇಲೆ ಮೇಲೆ ಕೆಳಗೆ ಹೆಜ್ಜೆಹೆಜ್ಜೆಯಾಗಿ ಸರಿಸುವ ಈ ‘ಸ್ಕ್ಯಾನ್’ ನಡೆಯುತ್ತದೆ. ಅಟ್ಲಾಸ್ ಎಂಬ ಪ್ರಯೋಗದಲ್ಲಿ ಡಿಕ್ಕಿಯ ಜಾಗದಿಂದ ಎರಡೂ ಕಡೆ 17 ಮೀಟರು ದೂರದಲ್ಲಿ ಕುಳಿತ ‘ಲೂಸಿಡ್’ ಎಂಬ ಸಾಧನ ಕಿವಿಯ ಕೆಲಸ ಮಾಡುತ್ತದೆ. ಹೇಳಿದಷ್ಟು ಸುಲಭವೇನಲ್ಲ. ಆಯಸ್ಕಾಂತ ‘ಇಷ್ಟು ಸರಿಸಿದೆ’ ಎಂದದ್ದು ನಿಜವಾಗಿ ಅಷ್ಟೇ ಸರಿಯಿತೇ? ಧಾರೆಗಳು ಅಷ್ಟರಲ್ಲಿ ತಾವಾಗಿಯೇ ಅಲುಗಿದವೇ? ಸಾವಧಾನದ ಸೋನೆಯಲ್ಲಿ ಸರಿಹೊಂದಿಸಿದ ಮಾಪಕ ಆಷಾಢದ ಜಡಿಮಳೆಯಲ್ಲಿ ಅಷ್ಟೇ ನಿಜ ಹೇಳುತ್ತದೆಯೇ? ಒಂದೊಂದಕ್ಕೂ ಪರೀಕ್ಷೆ, ಒಂದೊಂದಕ್ಕೂ ತಿದ್ದುಪಡಿ. 2015ರಿಂದ 2018ರವರೆಗೆ ಬಿದ್ದ ‘ಮಳೆ’ಯ ಅಂತಿಮ ಲೆಕ್ಕವನ್ನು ಅಟ್ಲಾಸ್ ತಂಡ ಹೊರಹಾಕಿದ್ದು 2022ರ ಕೊನೆಗೆ: ಪ್ರತಿ ಫೆಮ್ಟೋಬಾರ್ನಿಗೆ 140.1, ಅನುಮಾನದ ಅಂತರ 1.2. ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಿಗ್ಸ್ ಕಣದ ಬಾಯಿ ಸುಮಾರು 55 ಸಾವಿರ ಫೆಮ್ಟೋಬಾರ್ನ್. ಗುಣಿಸಿ ನೋಡಿದರೆ ಆ ನಾಲ್ಕು ವರ್ಷಗಳಲ್ಲಿ ಅಲ್ಲಿ ಸುಮಾರು 77 ಲಕ್ಷ ಹಿಗ್ಸ್ ಕಣಗಳು ಹುಟ್ಟಿ ಅಳಿದವು ಎಂದಾಯಿತು. ನಮ್ಮ ರೈಟರ ಡಬ್ಬಿ ಇಷ್ಟು ನಿಖರವಾಗಿದ್ದರೆ ಹವಾಮಾನ ಇಲಾಖೆಯವರು ಬಂದು ಹಾರ ಹಾಕುತ್ತಿದ್ದರು.

ಈ ನಿಖರತೆಯ ಬುಡದಲ್ಲಿ ನಮ್ಮವರ ಕೈಯೂ ಇದೆ, ಅಕ್ಷರಶಃ ಬುಡದಲ್ಲಿ. ಧಾರೆಯನ್ನು ಬಾಗಿಸುವ ಒಂದೊಂದು ದೊಡ್ಡ ಆಯಸ್ಕಾಂತದ ತೂಕ 30 ಟನ್ನಿಗೂ ಹೆಚ್ಚು. ಅವನ್ನು ಹೊತ್ತು ಕೂದಲೆಳೆಯ ನಿಖರತೆಯಲ್ಲಿ ಕೂರಿಸುವ ಸುಮಾರು 7 ಸಾವಿರ ಜ್ಯಾಕುಗಳು ಭಾರತದಿಂದ ಹೋದವು. ಅವು ತಯಾರಾದದ್ದು ಬೆಂಗಳೂರು ಮತ್ತು ಇಂದೋರಿನಲ್ಲಿ. ಉಸ್ತುವಾರಿ ಹೊತ್ತ ಇಂದೋರಿನ ಕೇಂದ್ರಕ್ಕೆ 2005ರಿಂದ ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿದೆ.

ಭಾಭಾ ಕೊಟ್ಟ ಅಳತೆಗೋಲು

ಪಿಚಕಾರಿಯ ಉಪಾಯವೊಂದೇ ದಾರಿಯಲ್ಲ. ಬಾಯಗಲ ಮೊದಲೇ ಖಚಿತವಾಗಿ ತಿಳಿದಿರುವ ಒಂದು ಪಾತ್ರೆ ಇದ್ದರೆ, ಅದರಲ್ಲಿ ಬಿದ್ದ ಹನಿ ಎಣಿಸಿಯೇ ಮಳೆ ಎಷ್ಟೆಂದು ಹೇಳಬಹುದು. ಮಳೆಮಾಪಕದ ತತ್ವ ಅದೇ ತಾನೇ? ಪ್ರೋಟಾನುಗಳಲ್ಲಿ ಅಂಥ ಪಾತ್ರೆ ಸಿಗುವುದು ಕಷ್ಟ. ಎಲೆಕ್ಟ್ರಾನುಗಳಲ್ಲಿ ಸಿಗುತ್ತದೆ. ಅದರ ಹೆಸರೇ ‘ಭಾಭಾ ಚದುರುವಿಕೆ’.

ಎಲೆಕ್ಟ್ರಾನು ಮತ್ತು ಅದರ ಪ್ರತಿಕಣ ಪಾಸಿಟ್ರಾನು ಎದುರಾದಾಗ ಎಷ್ಟು ಸಲ, ಎಷ್ಟು ಕೋನದಲ್ಲಿ ದಾರಿ ಬದಲಿಸುತ್ತವೆ ಎಂಬುದನ್ನು ಹೋಮಿ ಭಾಭಾ ಕೇಂಬ್ರಿಜ್‌ನಲ್ಲಿದ್ದಾಗ ಲೆಕ್ಕ ಹಾಕಿದರು. ಪ್ರಬಂಧ ಪ್ರಕಟವಾದದ್ದು 1936ರಲ್ಲಿ. 1939ರಲ್ಲಿ ರಜೆಗೆಂದು ಊರಿಗೆ ಬಂದ ಭಾಭಾ ಮಹಾಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು, ಸರ್ ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಕಣ್ಣುಬಿಟ್ಟದ್ದು ಅಲ್ಲೇ. ಮುಂಬಯಿಗೆ ಹೋದದ್ದು ಆ ವರ್ಷದ ಕೊನೆಗೆ. ಮುಂದೆ ಭಾಭಾ ಅವರ ಮಾತಿನ ಮೇಲೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು, ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳ ಮಳೆ ಯಾವ ಆಳದಲ್ಲಿ ಎಷ್ಟಿದೆ ಎಂದು ಅಳೆದರು. ಆ ಮಳೆ ಬಹುಪಾಲು ನಿಂತುಹೋಗುವ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅದೇ ಗಣಿಯಲ್ಲಿ ಸಿಕ್ಕಿತು. ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿಹೋಗುವ ಕಣ ಈ ನ್ಯೂಟ್ರಿನೊ.

ಹೆಸರು ನೆನಪಿರಲಿ, ಏಕೆಂದರೆ ನಮ್ಮ ಕಥೆಯ ನಿಜವಾದ ಪೇಚು ಅದರದೇ.

ಈಗ ಪ್ರೋಟಾನು ಓಡುವ ಆ 27 ಕಿಲೋಮೀಟರು ಸುರಂಗದಲ್ಲಿ 1989ರಿಂದ 2000ದವರೆಗೆ ‘ಲೆಪ್’ ಎಂಬ ಬೇರೊಂದು ಯಂತ್ರವಿತ್ತು. ಅದು ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸಿ ‘ಝಡ್’ ಎಂಬ ಕಣವನ್ನು ಲಕ್ಷ ಲಕ್ಷವಾಗಿ ಹುಟ್ಟಿಸುತ್ತಿತ್ತು. ಅದು ಕೇಳಿದ ದೊಡ್ಡ ಪ್ರಶ್ನೆ: ಪ್ರಕೃತಿಯಲ್ಲಿ ನ್ಯೂಟ್ರಿನೊಗಳ ಕುಲ ಎಷ್ಟು? ಕಣ್ಣಿಗೆ ಬೀಳದ ನ್ಯೂಟ್ರಿನೊವನ್ನು ಎಣಿಸುವುದು ಹೇಗೆಂದು ಕೇಳುತ್ತೀರಾ? ಕೆರೆಯ ಸೋರಿಕೆಯನ್ನು ಎಣಿಸುವ ಹಾಗೆ. ಎಷ್ಟು ಮಳೆ ಬಂತೆಂದು ಗೊತ್ತಿದೆ. ತೂಬಿನಲ್ಲಿ ಎಷ್ಟು ನೀರು ಹೊರಬಂತೆಂದು ಕಾಣುತ್ತದೆ. ಉಳಿದದ್ದು ಒಳಗಿನ ಬಿಲಗಳಲ್ಲಿ ಸೋರಿಹೋಯಿತು. ಒಂದೊಂದು ಬಿಲ ಎಷ್ಟು ಸೋರುತ್ತದೆಂದು ತಿಳಿದಿದ್ದರೆ ಬಿಲಗಳೆಷ್ಟೆಂದು ಹೇಳಬಹುದು. ಝಡ್ ಕಣ ನ್ಯೂಟ್ರಿನೊಗಳಾಗಿ ಕಾಣದಂತೆ ಒಡೆದುಹೋಗುವುದೇ ಆ ಸೋರಿಕೆ. ಒಂದು ಕುಲಕ್ಕೆ ಒಂದು ಬಿಲ.

ಇಲ್ಲಿ ಎಲ್ಲವೂ ನಿಂತಿರುವುದು ‘ಎಷ್ಟು ಮಳೆ ಬಂತು’ ಎಂಬುದರ ಮೇಲೆ. ಅದನ್ನು ಅಳೆಯಲು ಧಾರೆಯ ಕೊಳವೆಗೆ ಅಂಟಿಕೊಂಡಂತೆ, ಎರಡೂ ಬದಿಗೆ, ಉಂಗುರದಾಕಾರದ ಸಾಧನಗಳನ್ನಿಟ್ಟು ಸಣ್ಣ ಕೋನದಲ್ಲಿ ಚದುರಿ ಬರುವ ಭಾಭಾ ಕಣಗಳನ್ನು ಎಣಿಸಿದರು. ಕೋನ ಕಡಿಮೆಯಾದಷ್ಟೂ ಕಣಗಳು ವಿಪರೀತ ಹೆಚ್ಚು. ಆದ್ದರಿಂದ ಉಂಗುರದ ಒಳಅಂಚು ಎಲ್ಲಿದೆ ಎಂಬುದೇ ಜೀವಾಳ. ಅದು ತಲೆಗೂದಲಿನ ಮೂರನೇ ಒಂದು ಪಾಲಿನಷ್ಟು ಆಚೀಚೆಯಾದರೂ ಲೆಕ್ಕ ಸಾವಿರಕ್ಕೆ ಒಂದು ಪಾಲು ತಪ್ಪುತ್ತದೆ. ತಂಡಗಳು ಅಂಚನ್ನು ಅದಕ್ಕಿಂತಲೂ ಸೂಕ್ಷ್ಮವಾಗಿ ಅಳೆದಿಟ್ಟವು. ನಾಲ್ಕು ಪ್ರಯೋಗಗಳ ಫಲವನ್ನೂ ಸೇರಿಸಿ 2006ರಲ್ಲಿ ಬಂದ ಅಂತಿಮ ಉತ್ತರ: ನ್ಯೂಟ್ರಿನೊ ಕುಲಗಳು 2.9840, ಅನುಮಾನದ ಅಂತರ 0.0082.

ಕುಲ ಮೂರು ಎಂಬುದೇನೋ ಸ್ಪಷ್ಟವಾಯಿತು, ನಾಲ್ಕನೆಯದಕ್ಕೆ ಎಡೆಯಿಲ್ಲ. ಆದರೂ ಮೂರಕ್ಕೆ ಒಂದು ಚೂರು ಕಡಿಮೆ ಏಕೆ? ಕೊರತೆ ಅನುಮಾನದ ಅಂತರಕ್ಕಿಂತ ಎರಡು ಪಟ್ಟು. ಅಲ್ಲಗಳೆಯುವಷ್ಟು ಸಣ್ಣದಲ್ಲ, ಡಂಗುರ ಸಾರುವಷ್ಟು ದೊಡ್ಡದೂ ಅಲ್ಲ. ಹೊಸ ಭೌತವಿಜ್ಞಾನದ ಸುಳಿವಿರಬಹುದೇ ಎಂಬ ಆಸೆಗೆ ಇಂಥ ಚೂರುಪಾರುಗಳೇ ಮೇವು.

ಗಾಳಿಗೆ ತಪ್ಪಿದ ಹನಿ

ಮತ್ತೆ ನಮ್ಮ ಡಬ್ಬಿಯ ಬಳಿಗೆ ಬನ್ನಿ. ಜೂನ್ ಜುಲೈನಲ್ಲಿ ಕಳಸದ ಕಡೆ ಮಳೆ ನೇರವಾಗಿ ಬೀಳುವುದಿಲ್ಲ, ಗಾಳಿಯ ಜೊತೆ ಓರೆಯಾಗಿ ಬೀಸಿ ಹೊಡೆಯುತ್ತದೆ. ಗಾಳಿ ಡಬ್ಬಿಗೆ ತಾಗಿ ಮೇಲೆದ್ದು ಬಾಯಿಯ ಮೇಲೆ ಹಾಯುವಾಗ ಸಣ್ಣ ಹನಿಗಳನ್ನು ತನ್ನೊಡನೆ ಆಚೆಗೆ ಒಯ್ಯುತ್ತದೆ. ಒಳಗೆ ಬೀಳಬೇಕಾದ ಹನಿ ಹೊರಗೆ ಬೀಳುತ್ತದೆ. ಅಂಚು ಸರಿಯಿದೆ, ಅಳತೆಗಾಜು ಸರಿಯಿದೆ, ರೈಟರು ಪ್ರಾಮಾಣಿಕರು. ಆದರೂ ಲೆಕ್ಕ ನೂರಕ್ಕೆ ಕೆಲವು ಪಾಲು ಕಡಿಮೆ. ಮಳೆಮಾಪಕವನ್ನು ನೆಲಕ್ಕೆ ಹತ್ತಿರವಾಗಿ, ಬಾಯಿ ಒಂದಡಿ ಎತ್ತರದಲ್ಲಿರುವಂತೆ ನೆಡಬೇಕೆಂಬ ನಿಯಮದ ಹಿಂದಿರುವುದು ಈ ಭಯವೇ.

ಲೆಪ್‌ನಲ್ಲಿ ಆದದ್ದೂ ಇದೇ. ಚದುರಿ ಹೊರಟ ಎಲೆಕ್ಟ್ರಾನು ಎದುರಿನಿಂದ ಬರುವ ಪಾಸಿಟ್ರಾನುಗಳ ಗುಂಪನ್ನು ಹಾದೇ ಹೋಗಬೇಕು. ಆ ಗುಂಪಿನ ವಿದ್ಯುತ್ತು ಅದನ್ನು ತುಸು ಒಳಕ್ಕೆ ಎಳೆಯುತ್ತದೆ. ಉಂಗುರದ ಒಳಅಂಚಿಗೆ ತಾಗಬೇಕಿದ್ದ ಕೆಲವು ಕಣಗಳು ಅಂಚು ತಪ್ಪಿ ನಡುವಿನ ಖಾಲಿ ಜಾಗದಲ್ಲಿ ಜಾರಿಹೋಗುತ್ತವೆ. ಸಾಧನ ನಿರ್ದೋಷಿ, ಅಳೆಯಬೇಕಾದ ಧಾರೆಯೇ ಅಳತೆಯನ್ನು ಬಾಗಿಸಿತ್ತು. ಈ ಸೂಕ್ಷ್ಮವನ್ನು ಸರ್ನ್‌ಗೆ ಸಂಬಂಧಿಸಿದ ಕೆಲವು ವಿಜ್ಞಾನಿಗಳು ಮುಂದಿನ ಯಂತ್ರಗಳ ಯೋಜನೆ ಮಾಡುತ್ತಾ ಲೆಕ್ಕಕ್ಕೆ ತೆಗೆದುಕೊಂಡರು. ಹಾಗಾದರೆ ಹಳೆಯ ಲೆಪ್‌ನಲ್ಲಿ ಹೇಗಿತ್ತು ಎಂದು ತಿರುಗಿ ನೋಡಿದರು. ಅಲ್ಲಿ ಮಳೆಯನ್ನು ಸಾವಿರಕ್ಕೆ ಒಂದು ಪಾಲಿನಷ್ಟು ಕಡಿಮೆ ಬರೆಯಲಾಗಿತ್ತು. ಮಳೆ ಕಡಿಮೆ ಎಂದರೆ ಸೋರಿಕೆಯೂ ಕಡಿಮೆ ಎಂದು ತೋರುವುದು ಸಹಜ. ಈ ತಿದ್ದುಪಡಿ ಸೇರಿಸಿದಾಗ ಉತ್ತರ 2.9918ಕ್ಕೆ ಏರಿತು. ಭಾಭಾ ಅವರ ಲೆಕ್ಕವನ್ನೂ ಹೊಸ ತಿಳಿವಿನಿಂದ ಇನ್ನಷ್ಟು ನಿಖರ ಮಾಡಿದಾಗ 2020ರಲ್ಲಿ ಬಂದ ಸಂಖ್ಯೆ 2.9963, ಅನುಮಾನದ ಅಂತರ 0.0074. ಕೊರತೆ ಮಾಯವಾಯಿತು. ಕುಲ ಮೂರೇ.

ಹೊಸ ಕಣ ಸಿಗಲಿಲ್ಲ, ಯಾರಿಗೂ ನೊಬೆಲ್ ಬರಲಿಲ್ಲ. ಆದರೆ ಯಂತ್ರವನ್ನು ಬಿಚ್ಚಿ ಇಪ್ಪತ್ತು ವರ್ಷವಾದ ಮೇಲೆ ಅದರ ಲೆಕ್ಕವನ್ನು ತಿದ್ದಲು ಸಾಧ್ಯವಾದದ್ದು ಏಕೆಂದು ಯೋಚಿಸಿ. ಎಣಿಕೆಯನ್ನು ಮಾತ್ರವಲ್ಲ, ಅಂದಿನ ಧಾರೆ ಎಷ್ಟು ದಟ್ಟವಿತ್ತು, ಎಷ್ಟು ದಪ್ಪವಿತ್ತು, ಅಂಚು ಎಲ್ಲಿತ್ತು ಎಂಬುದನ್ನೆಲ್ಲ ಅಳೆದವರು ಬರೆದಿಟ್ಟಿದ್ದರು. ಈಗಿನ ಕೊಲೈಡರನ್ನು 2030ರ ಸುಮಾರಿಗೆ ಇನ್ನೂ ಹಲವು ಪಟ್ಟು ದೀಪ್ತಿಗೆ ಏರಿಸುವ ಕೆಲಸ ನಡೆದಿದೆ. ಆ ಜಡಿಮಳೆಯಲ್ಲೂ ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪದಂತೆ ಅಳೆಯಬೇಕೆಂಬುದು ಗುರಿ. ಅಲ್ಲಿ ಮತ್ತೆಂಥ ಗಾಳಿ ಬೀಸಿ ಹನಿಗಳನ್ನು ಹಾರಿಸುತ್ತದೋ ನೋಡಬೇಕು.

ನಮ್ಮ ತೋಟಗಳ ಹಳೆಯ ಮಳೆಪುಸ್ತಕಗಳಲ್ಲೂ ಇಂಚು ಸೆಂಟುಗಳ ಪಕ್ಕದಲ್ಲಿ ಷರಾ ಬರೆಯಲು ಒಂದು ಕಿರಿದಾದ ಕಲಮು ಇರುವುದುಂಟು. ‘ಗಾಳಿ ಜೋರು’, ‘ಮಾಪಕ ಜಾಗ ಬದಲು’, ‘ಡಬ್ಬಿ ಸೋರುತ್ತಿತ್ತು’ ಎಂದು ಯಾವನೋ ರೈಟರು ಗೀಚಿದ ಎರಡು ಪದ ಅಲ್ಲಿದ್ದರೆ, ಅಂಕಿಗಳಷ್ಟೇ ಜೋಪಾನವಾಗಿ ಅದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.